ಸಿಹಿನೀರ ಬಾವಿಯ ಕೊನೇ ರೀಲು

ಆ ಬಾಗಿಲು ಸರಿಯಾಗಿ ಹಾಕಿ ಬನ್ನಿ, ಗಾಳಿಗೆ ಕಿರುಗುಟ್ಟುತ್ತೆ… ಹೂಂ. ಈಗ ಕೇಳಿ.

ಇದು ಅಜ್ಜಂಪುರದಲ್ಲಿ, ನಮ್ಮ ಬೀದಿಯ ಹೇಮಕ್ಕನಿಗೆ ಆದದ್ದು. ಹೋದ ವರ್ಷದ ಮಾಗಿಯಲ್ಲಿ.

ಹೇಮಕ್ಕ ಅಂದ್ರೆ ಹೇಮಾವತಿ. ತರೀಕೆರೆಯಲ್ಲಿ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ. ವಯಸ್ಸು ಐವತ್ತು ದಾಟಿ ಎಷ್ಟೋ ಆಯ್ತು, ತಲೆ ಪೂರ್ತಿ ನೆರೆತಿದೆ, ಬಣ್ಣ ಹಚ್ಚೋಳಲ್ಲ. ಅವತ್ತು ಲ್ಯಾಬಿನ ಮಿಷನ್ ಕೆಟ್ಟು, ರಿಪೇರಿಯವನಿಗೆ ಕಾದು ಕಾದು, ಹೊರಡೋದು ತಡವಾಯ್ತು. ಸಿಕ್ಕಿದ್ದು ಕೊನೇ ಬಸ್ಸು. ಅಜ್ಜಂಪುರದಲ್ಲಿ ಇಳಿದಾಗ ಅಂಗಡಿಗಳೆಲ್ಲ ಬಾಗಿಲು ಎಳೆದಿದ್ದವು. ಕರೆಂಟೂ ಇರಲಿಲ್ಲ. ಚಳಿಗೆ ಸೆರಗನ್ನ ಕಿವಿಗೆ ಸುತ್ತಿಕೊಂಡು, ಮೊಬೈಲ್ ಬೆಳಕು ಹಿಡಿದು, ಒಬ್ಬಳೇ ನಡೆದು ಹೊರಟಳು.

ನಮ್ಮ ಬೀದಿಗೆ ಬರೋ ದಾರಿಯಲ್ಲಿ ಸಿಹಿನೀರ ಬಾವಿ ಸಿಗುತ್ತೆ. ಒಂದು ಕಾಲಕ್ಕೆ ಅರ್ಧ ಊರು ಅದರ ನೀರೇ ಕುಡಿದದ್ದು. ಬೋರ್‌ವೆಲ್‌ಗಳು ಬಂದವು, ಬಾವಿ ಬತ್ತಿತು. ಮಕ್ಕಳು ಬಿದ್ದಾವು ಅಂತ ಮೇಲೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದ್ದಾರೆ. ರಾಟೆ ಯಾವತ್ತೋ ಗುಜರಿಗೆ ಹೋಯ್ತು. ಉಳಿದಿರೋದು ಎರಡು ಕಲ್ಲುಕಂಬ, ಪಕ್ಕದಲ್ಲೊಂದು ಹೊಂಗೆ ಮರ. ಅಷ್ಟೇ.

ಹೇಮಕ್ಕ ಆ ಮರದ ಹತ್ತಿರ ಬಂದಳು.

ಕಿರ್ರೋ… ಕಿರ್ರೋ… ಕಿರ್ರೋ…

ರಾಟೆ ತಿರುಗೋ ಶಬ್ದ.

ನಿಂತಳು. ಮೊಬೈಲ್ ಬೆಳಕನ್ನ ಬಾವಿ ಕಡೆ ತಿರುಗಿಸೋ ಧೈರ್ಯ ಬರಲಿಲ್ಲ. ಕೊಡ ಕಲ್ಲಿಗೆ ತಾಗಿದ್ದು ಕೇಳಿಸಿತು… ಠಣ್. ಆಮೇಲೆ ಆಳದಲ್ಲಿ ನೀರು ಹನಿಯೋ ಸದ್ದು. ತೊಟ್… ತೊಟ್… ಬತ್ತಿದ ಬಾವಿಯಲ್ಲಿ!

ಅದೂ ಹೋಗ್ಲಿ ಅನ್ನಿ. ಅದರ ಜೊತೆಗೇ ಇನ್ನೊಂದು ಶಬ್ದ ಇತ್ತು. ಟಿರ್ರ್ರ್ರ್ರ್… ಹೊಲಿಗೆ ಮಿಷನ್‌ಗಿಂತ ಸಣ್ಣದು. ತಗಡಿನ ಡಬ್ಬದೊಳಗೆ ಜೀರುಂಡೆ ಕೂಡಿಹಾಕಿದಂತೆ. ಹೇಮಕ್ಕನ ಮೈ ಜುಮ್ಮೆಂದದ್ದು ರಾಟೆಗಲ್ಲ, ಇದಕ್ಕೆ. ಯಾಕಂದ್ರೆ ಈ ಶಬ್ದ ಅವಳಿಗೆ ಗೊತ್ತಿತ್ತು. ಹುಟ್ಟಿದಾಗಿಂದ ಗೊತ್ತಿತ್ತು.

ಶಬ್ದ ನಿಂತಿತು. ಮರದ ಹಿಂದಿನಿಂದ ಒಬ್ಬ ಗಂಡಸು, ಪಿಸುದನಿಯಲ್ಲಿ…

"ಇನ್ನೊಂದ್ಸಲ…"

ಹೇಮಕ್ಕ ಚಪ್ಪಲಿ ಬಿಟ್ಟು ಓಡಿದಳು.

ಮನೆಯಲ್ಲಿ ಗಂಡ ರವಿಕುಮಾರ ಮೇಣದಬತ್ತಿ ಹಚ್ಚಿಕೊಂಡು ಕಾಯ್ತಾ ಇದ್ದ. ಅವಳು ಏದುಸಿರು ಬಿಡೋದು ನೋಡಿ ಗಾಬರಿಯಾದ.

"ಏನಾಯ್ತೇ? ನಾಯಿ ಅಟ್ಟಿಸ್ಕೊಂಡು ಬಂತಾ?"

"ಅವರು ಬಂದಾರೆ ಕಣ್ರೀ… ಬಾವಿ ಹತ್ರ."

"ಯಾರು?"

"ಕ್ಯಾಮರಾ ಓಡಿಸ್ತಾ ಅವ್ರೆ."

ಯಾರು ಅಂತ ರವಿಕುಮಾರನಿಗೆ ಗೊತ್ತಾಯ್ತು. ಅವಳ ಅಪ್ಪ ಸತ್ತು ಹತ್ತು ವರ್ಷ ಕಳೆದಿತ್ತು. "ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿರ್ತದೆ, ಮಲ್ಕೋ" ಅಂದ. ಕರೆಂಟೇ ಇರಲಿಲ್ಲ ಅನ್ನೋದು ಅವನಿಗೆ ಹೊಳೆದದ್ದು ಹಾಸಿಗೆಗೆ ಹೋದಮೇಲೆ.

ಆ ಅಪ್ಪನ ವಿಷಯ ಹೇಳದೆ ಇದು ಅರ್ಥ ಆಗಲ್ಲ.

ನಂಜುಂಡಪ್ಪ ಅಂತ. ಊರಲ್ಲಿ ಹಳಬರನ್ನ ಕೇಳಿ, ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಒಬ್ಬರಿಗೆ ರೇಡಿಯೋ ನಂಜುಂಡಪ್ಪ. ಇನ್ನೊಬ್ಬರಿಗೆ ಜೇನು ನಂಜುಂಡಪ್ಪ, ಹಿತ್ತಲ ತುಂಬ ಜೇನಿನ ಪೆಟ್ಟಿಗೆ ಇಟ್ಟಿದ್ರು. ಸಕ್ಕರೆ ಗುಳಿಗೆ ಡಾಕ್ಟ್ರು ಅನ್ನೋರೂ ಇದ್ದಾರೆ. ಬಸ್ಸು ಹತ್ತಿ ಸಿಂಗಟಗೆರೆ, ಪಂಚನಹಳ್ಳಿ ತನಕ ಹೋಗಿ ಹೋಮಿಯೋಪತಿ ಕೊಟ್ಟು ಬರ್ತಿದ್ರು. ನಾಟಕದ ಪರದೆ ಬರೀತಿದ್ರು, ಹಾರ್ಮೋನಿಯಂ ಹೇಳಿಕೊಡ್ತಿದ್ರು. ಹೊಟ್ಟೆಪಾಡಿಗೆ ಒಂದು ಫೋಟೋ ಸ್ಟುಡಿಯೋ. ಊರಿನ ಯಾವ ಮನೆ ಗೋಡೆ ಮೇಲಿನ ಹಳೇ ಫೋಟೋ ತೆಗೆದು ಹಿಂದೆ ನೋಡಿದ್ರೂ ಅವರ ಮೊಹರು ಇರುತ್ತೆ.

ಆದರೆ ಅವರ ಜೀವ ಇದ್ದದ್ದು ಸಿನಿಮಾದಲ್ಲಿ.

ಎಂಥ ಸಿನಿಮಾ ಅಂತೀರಿ! ಕತೆ ಇಲ್ಲ, ಹಾಡಿಲ್ಲ, ಹೀರೋ ಇಲ್ಲ. ಹೆಬ್ಬೆ ಕಡೆಯ ಕಾಫಿ ಎಸ್ಟೇಟಿನ ಯಜಮಾನರೊಬ್ಬರು ಊರು ಬಿಡುವಾಗ, ತಮ್ಮ ಗ್ರಾಮಫೋನ್ ರಿಪೇರಿ ಮಾಡಿಕೊಟ್ಟಿದ್ದ ಈ ಹುಡುಗನಿಗೆ ಒಂದು ಪುಟ್ಟ ಕ್ಯಾಮರಾ ಕೊಟ್ಟು ಹೋದರಂತೆ. ಕೀಲಿ ಕೊಟ್ಟು ಬಿಟ್ಟರೆ ಗಡಿಯಾರದ ಹಾಗೆ ತಾನೇ ಓಡೋದು. ಅರ್ಧ ನಿಮಿಷದಷ್ಟು ಓಡುತ್ತೆ, ನಿಲ್ಲುತ್ತೆ. ಮತ್ತೆ ಕೀಲಿ. ಅದರಲ್ಲಿ ಎತ್ತಿನಗಾಡಿ ಚಕ್ರದ ನೆರಳು ತೆಗೆದರು, ಬರೀ ನೆರಳು. ಒಂದು ಸಲ ಕ್ಯಾಮರಾನೂ ಬೇಡ ಅಂತ, ಖಾಲಿ ಫಿಲ್ಮಿನ ಮೇಲೆ ಸೂಜಿಯಲ್ಲಿ ಗೀರಿ, ಅರಿಶಿನ ಕುಂಕುಮ ಬಳಿದು ಓಡಿಸಿದರು. ಬಚ್ಚಲಮನೆ ಕಿಟಕಿಗೆ ಕಂಬಳಿ ಕಟ್ಟಿ, ಬಕೆಟ್ಟಿನಲ್ಲೇ ಫಿಲ್ಮ್ ತೊಳೆಯೋರು. ತೋರಿಸೋಕೆ ಮಿಷನ್ ಎಲ್ಲಿ? ಕುಟುಂಬ ಯೋಜನೆ ಪ್ರಚಾರಕ್ಕೆ ವ್ಯಾನು ಬಂದಾಗ, ಅದರವನಿಗೆ ಹೋಳಿಗೆ ಊಟ ಹಾಕಿಸಿ, ಶಾಲೆ ಗೋಡೆ ಮೇಲೆ ಬಿಳಿ ಪಂಚೆ ಕಟ್ಟಿ ತೋರಿಸಿದರು. ಜನ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಯಾರೋ ಕೂಗಿದ, "ಏ ನಂಜುಂಡಾ, ಮಿಷನ್ ಕೆಟ್ಟೈತೆ ಕಣೋ, ನಿಲ್ಸೋ!" ಊರೆಲ್ಲ ನಕ್ಕಿತು.

ನಗದೆ ನೋಡಿದ್ದು ಒಬ್ಬಳೇ. ಹೆಂಡತಿ ಅಂಬಮ್ಮ. ಮನೆಗೆ ಬಂದಮೇಲೆ ಹೇಳಿದಳಂತೆ, "ಕಣ್ಣು ಮುಚ್ಚಿ ಒತ್ಕೊಂಡಾಗ ಕಾಣ್ತದಲ್ಲ ಬಣ್ಣ… ಹಂಗಿತ್ತು ಕಣ್ರೀ. ಚೆಂದಾಗಿತ್ತು."

ಆ ಮಾತಿಗೇ ಅವರು ಮುಂದಿನದು ಶುರು ಮಾಡಿದ್ದು. ಸಿಹಿನೀರ ಬಾವಿಯ ಫಿಲ್ಮ್.

ಅದರಲ್ಲಿ ಇದ್ದದ್ದು ಅಂಬಮ್ಮ ಒಬ್ಬಳೇ. ನೀರು ಸೇದೋದು, ಅಷ್ಟೇ. ಕೈ, ಹಿಮ್ಮಡಿ, ಜಡೆ, ಬೆನ್ನು. "ಮುಖ ನಟನೆ ಮಾಡ್ತದೆ, ಬೆನ್ನು ಮಾಡಲ್ಲ" ಅನ್ನೋದು ನಂಜುಂಡಪ್ಪನವರ ಹಠ. ಕ್ಯಾಮರಾ ಕಡೆ ತಿರುಗಬಾರದು ಅಂತ ಅವಳಿಗೆ ಕಟ್ಟಪ್ಪಣೆ. ಸೂರ್ಯ ಹುಟ್ಟೋ ಮುಂಚಿನ ಆ ನೀಲಿ ಬೆಳಕೇ ಬೇಕು ಅಂತ, ಮಾಗಿಯಲ್ಲಿ, ದಿನಾ ಕತ್ತಲಲ್ಲೇ ಎಬ್ಬಿಸೋರು. ಅಂಬಮ್ಮ ತೊಟ್ಟಿಲ ಕೂಸನ್ನ ಮಲಗಿಸಿ, ಪಕ್ಕದ ಮನೆ ಉಚ್ಚಂಗಮ್ಮನಿಗೆ "ಒಸಿ ಕಿವಿ ಇಟ್ಟಿರಕ್ಕಾ" ಅಂತ ಹೇಳಿ ಬರೋಳು. ಆ ಕೂಸೇ ಹೇಮಕ್ಕ. ಕೂಸು ನೋಡ್ಕೊಂಡ ಋಣಕ್ಕೆ, ಸೇದಿದ ನೀರಲ್ಲಿ ಉಚ್ಚಂಗಮ್ಮನ ಅಂಗಳಕ್ಕೂ ಹಾಕೋಳಂತೆ ಅಂಬಮ್ಮ.

ಸೇದೋದು, ಸುರಿಯೋದು, ಮತ್ತೆ ಸೇದೋದು. ಸೀರೆಯೆಲ್ಲ ಒದ್ದೆ. ಬೆಳಕು ಸರಿ ಬರಲಿಲ್ಲ, ಇನ್ನೊಂದ್ಸಲ. ಕೊಡ ಅಲುಗಿತು, ಇನ್ನೊಂದ್ಸಲ. ಅವಳಿಗೆ ಒಳಗೊಳಗೇ ಜ್ವರ. ಹೇಳಲಿಲ್ಲ. ಒಂದು ಬೆಳಗ್ಗೆ ಬಾವಿಕಟ್ಟೆ ಮೇಲೇ ಕುಸಿದಳು. ಶಿವಮೊಗ್ಗದ ಆಸ್ಪತ್ರೆಗೆ ಕರ್ಕೊಂಡು ಹೋಗೋ ಹೊತ್ತಿಗೆ ಎದೆಯಲ್ಲೆಲ್ಲ ಕಫ ಕಟ್ಟಿ, ಕೈ ಮೀರಿತ್ತು.

ಅಂಬಮ್ಮನ ಮುಖದ ಫೋಟೋ ಅಂತ ಒಂದೂ ಉಳಿಯಲಿಲ್ಲ ನೋಡಿ. ಮದುವೆ ಫೋಟೋದಲ್ಲಿ ತಲೆ ಬಗ್ಗಿಸಿ ಕೂತಿದ್ದಾಳೆ, ಬಾಸಿಂಗ ಅಡ್ಡ. ಊರಿನ ಮುಖಗಳನ್ನೆಲ್ಲ ತೆಗೆದ ಮನುಷ್ಯ ತನ್ನ ಹೆಂಡತಿ ಮುಖ ತೆಗೆದಿರಲಿಲ್ಲ.

ಆಮೇಲೆ ನಂಜುಂಡಪ್ಪ ಸಿನಿಮಾ ಬಿಟ್ಟರು. ಕೊನೇ ರೀಲು ತೊಳೆದು, ನೋಡದೆಯೇ ಡಬ್ಬಕ್ಕೆ ಹಾಕಿ ಅಟ್ಟಕ್ಕೆ ಎಸೆದರು. ಜೇನು, ಗುಳಿಗೆ, ರೇಡಿಯೋ… ಒಂದಾದ ಮೇಲೊಂದು ಹಿಡಿದದ್ದು ಆಮೇಲೇ. ಕೈ ಸುಮ್ಮನಿದ್ರೆ ಅವರಿಗೆ ಆಗ್ತಿರಲಿಲ್ಲ. ಹಗಲೆಲ್ಲ ಹಾಗೆ ಕಳೆಯೋರು. ರಾತ್ರಿ ಮಾತ್ರ, ಹುಡುಗಿ ಹೇಮಕ್ಕನಿಗೆ ಎಚ್ಚರವಾದಾಗ, ನಡುಮನೆಯ ಕತ್ತಲಲ್ಲಿ ಟಿರ್ರ್ರ್ರ್ರ್… ಅಂತ ಕೇಳೋದು. ಫಿಲ್ಮ್ ಇಲ್ಲದ ಕ್ಯಾಮರಾಕ್ಕೆ ಕೀಲಿ ಕೊಟ್ಟು, ಬಾಗಿಲ ಕಡೆ ಹಿಡಿದು ಕೂತಿರೋರು. ನಿಲ್ಲೋದು. ಕಟಕಟ ಕಟಕಟ ಅಂತ ಕೀಲಿ. ಮತ್ತೆ ಟಿರ್ರ್ರ್…

ಹೇಮಕ್ಕ ತನ್ನ ಮದುವೆ ದಿನ ಕೇಳಿದಳು, "ಗೋಡೆಗೆ ಹಾಕೋಕೆ ಅಮ್ಮನ ಒಂದು ಫೋಟೋ ಕೊಡು." ಅವರು ತಲೆ ಎತ್ತಲಿಲ್ಲ. "ಊರೋರ ಮುಖ ಎಲ್ಲಾ ತೆಗ್ದೆ. ನನ್ನಮ್ಮಂದು ಒಂದು ತೆಗೀಲಿಲ್ಲವಲ್ಲ ನೀನು" ಅಂದಳು. ಅವತ್ತಿಂದ ಅಪ್ಪ ಅಂತ ಕರೆದದ್ದಿಲ್ಲ. ಮದುವೆಯಾದ ಮೇಲೂ ಅದೇ ಮನೆಯಲ್ಲೇ ಇದ್ದಳು, ಊಟ ಹಾಕಿದಳು, ಮಾತ್ರೆ ಕೊಟ್ಟಳು, ಮಲಗಿದಾಗ ಮೈ ಒರೆಸಿದಳು. ಕರೆಯಲಿಲ್ಲ. ಸಾಯೋ ಹೊತ್ತಲ್ಲಿ ಅವರು ಒಂದೇ ಮಾತು ಬಡಬಡಿಸ್ತಾ ಇದ್ದರಂತೆ. "ತಿರುಗು ಅನ್ಬೇಕಿತ್ತು… ತಿರುಗು ಅನ್ಬೇಕಿತ್ತು…" ಆಗಲೂ ಕರೆಯಲಿಲ್ಲ.

ಇದು ಹಿಂದಿನದು. ಈಗ ಹೋದ ವರ್ಷಕ್ಕೆ ಬನ್ನಿ.

ಬೆಂಗಳೂರಿಂದ ಮೇಧಾ ಅಂತ ಒಬ್ಬಳು ಹುಡುಗಿ ಬಂದಿದ್ದಳು. ಹಳೇ ಕಾಲದ ಇಂಥ ಸಿನಿಮಾಗಳ ಬಗ್ಗೆ ಓದೋಳು. ಯಾರಿಂದಲೋ ನಂಜುಂಡಪ್ಪನವರ ಹೆಸರು ಕೇಳಿ ಹುಡುಕಿಕೊಂಡು ಬಂದು, ಅಟ್ಟದ ಡಬ್ಬಗಳನ್ನೆಲ್ಲ ತೆಗೆಸಿದಳು. ಮುಚ್ಚಳ ತೆಗೆದರೆ ಹುಳಿ ವಾಸನೆ. ಎಲ್ಲ ಕರಗಿ ಅಂಟಿಕೊಂಡಿದ್ದವು. ಒಂದು ಮಾತ್ರ ಉಳಿದಿತ್ತು, ಬಾವಿ ರೀಲು. ಅದನ್ನ ಬೆಂಗಳೂರಿಗೆ ತಗೊಂಡು ಹೋಗಿ, ಕಂಪ್ಯೂಟರಿಗೆ ಹಾಕಿಸಿ ತರ್ತೀನಿ ಅಂತ ಹೇಳಿದ್ದಳು. ಹೇಮಕ್ಕ ಬಾವಿ ಹತ್ತಿರ ಆ ಶಬ್ದ ಕೇಳಿದ್ದು ರೀಲು ಊರು ಬಿಟ್ಟಮೇಲೆ. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ, ದೇವರಿಗೇ ಗೊತ್ತು.

ಶಬ್ದ ಕೇಳಿದ ವಾರದೊಳಗೆ ಮೇಧಾ ಲ್ಯಾಪ್‌ಟಾಪ್ ಹಿಡಿದು ಬಂದಳು. ಹೇಮಕ್ಕ ಪಕ್ಕದ ಮನೆಯಿಂದ ಉಚ್ಚಂಗಮ್ಮನನ್ನೂ ಕೈಹಿಡಿದು ಕರೆತಂದು ಕೂರಿಸಿದಳು. ಮುದುಕಿಗೆ ಎಂಬತ್ತು ದಾಟಿದೆ. ಅಂಬಮ್ಮನನ್ನ ಕಣ್ಣಾರೆ ಕಂಡು ಇನ್ನೂ ಬದುಕಿರೋದು ಅವಳೊಬ್ಬಳೇ.

ಫಿಲ್ಮ್ ಶುರುವಾಯ್ತು. ಶಬ್ದ ಇಲ್ಲ. ಕಲ್ಲುಕಂಬ, ರಾಟೆ. ಹಗ್ಗ ಹಿಡಿದ ಎರಡು ಕೈ, ಬಳೆ. ಒದ್ದೆ ಹಿಮ್ಮಡಿ. ಬೆನ್ನಿಗೆ ಅಂಟಿದ ಸೆರಗು. ಮೊಣಕಾಲ ತನಕ ಬಂದ ಜಡೆ.

"ಅಯ್ಯೋ… ಅದೇ ಜಡೆ ಕಣೇ ಹೇಮಾ, ಅದೇ ಜಡೆ…" ಉಚ್ಚಂಗಮ್ಮ ಪರದೆ ಮುಟ್ಟೋಕೆ ಹೋದಳು.

"ಮುಖ ಹೆಂಗಿತ್ತಜ್ಜಿ?" ಹೇಮಕ್ಕ ಕೇಳಿದಳು. ಈ ಪ್ರಶ್ನೆಯನ್ನ ಅವಳು ಜೀವಮಾನವೆಲ್ಲ ಕೇಳಿದ್ದಾಳೆ.

"ದುಂಡಗಿತ್ತು… ಅಲ್ಲ ಕಣೇ, ಕೋಲುಮುಖ… ತಡಿ…" ಮುದುಕಿ ಕಣ್ಣು ಮುಚ್ಚಿಕೊಂಡಳು. "ನನ್ ಕಣ್ಮುಂದೆ ಬರಂಗಿಲ್ಲ ಕಣೇ. ಎಲ್ಲೋ ಹೋಗ್ಬಿಟ್ಟೈತೆ."

ಹೇಮಕ್ಕ ಪರದೆಯಿಂದ ಕಣ್ಣು ಕೀಳಲಿಲ್ಲ. ಫಿಲ್ಮ್ ಕೊನೆಗೆ ಬಂತು. ಹೆಂಗಸು ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಳ್ತಾಳೆ. ಏನೋ ಕೇಳಿದವಳ ಹಾಗೆ ನಿಲ್ತಾಳೆ. ಕತ್ತು ಹೊರಳುತ್ತೆ… ಕಿವಿ, ಓಲೆ, ಕೆನ್ನೆಯ ಒಂದು ಅಂಚು…

ಬಿಳಿ. ರೀಲು ಮುಗಿದಿತ್ತು.

"ಎಷ್ಟು ಅದ್ಭುತವಾಗಿದೆ ಅಲ್ವಾ ಆಂಟಿ?" ಮೇಧಾಳ ಕಣ್ಣು ಹೊಳೀತಾ ಇತ್ತು. "ಆ ಕಾಲದಲ್ಲಿ ಇಂಥ ಧೈರ್ಯ ಎಷ್ಟು ಜನಕ್ಕಿತ್ತು? ನಟಿ ಯಾರು, ನಿಮಗೆ ಗೊತ್ತಾ?"

"ನಮ್ಮಮ್ಮ" ಅಂದಳು ಹೇಮಕ್ಕ.

ಹುಡುಗಿ ಲ್ಯಾಪ್‌ಟಾಪನ್ನ ಮೆಲ್ಲಗೆ ಮುಚ್ಚಿದಳು.

ಉಚ್ಚಂಗಮ್ಮ ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು, "ತಿರುಗಿದ್ಲಲ್ಲ… ಯಾಕ್ ಗೊತ್ತಾ? ನೀನು ಅತ್ತಿರ್ತೀಯ ಕಣೇ. ಬಾವಿ ತನಕ ಕೇಳ್ಸೋದು ನಿನ್ ಅಳು. ತಾಯಿ ಕಿವಿ…"

ಅವತ್ತು ಹೇಮಕ್ಕನಿಗೆ ನಿದ್ದೆ ಹತ್ತಲಿಲ್ಲ. ರವಿಕುಮಾರ ಗೊರಕೆ ಹೊಡೀತಿದ್ದ. ಇನ್ನೂ ಬೆಳಕು ಹರಿದಿರಲಿಲ್ಲ, ಅವಳು ಎದ್ದಳು. ಶಾಲು ಹೊದ್ದು, ಅಗುಳಿ ಸದ್ದಾಗದ ಹಾಗೆ ಸರಿಸಿ, ಬಾವಿ ಕಡೆ ನಡೆದಳು. ಹೆದರಿಕೆ ಇರಲಿಲ್ವಾ ಅಂತ ಆಮೇಲೆ ಕೇಳಿದ್ದಕ್ಕೆ ಅಂದಳು, "ಇತ್ತು. ಹೋಗ್ದೇ ಇದ್ರೆ ಏನಾಗ್ತದೋ ಅನ್ನೋ ಹೆದ್ರಿಕೆ ಅದಕ್ಕಿಂತ ಜಾಸ್ತಿ ಇತ್ತು."

ಬಾವಿ ಹತ್ತಿರ ಏನೂ ಇರಲಿಲ್ಲ. ಜಾಲರಿ, ಬೀಗ, ಎರಡು ಕಂಬ. ಕಟ್ಟೆ ಮೇಲೆ ಕೂತಳು. ಕಲ್ಲು ಮಂಜುಗಡ್ಡೆ ಹಾಗೆ ಕೊರೀತಿತ್ತು. ಎಷ್ಟು ಹೊತ್ತು ಕೂತಳೋ…

ಕಟಕಟ… ಕಟಕಟ… ಕಟಕಟ…

ಮರದ ಹಿಂದೆ. ಕೀಲಿ ಕೊಡೋ ಶಬ್ದ.

ಒಂದು ಗಳಿಗೆ ಎಲ್ಲ ಸ್ತಬ್ಧ.

ಟಿರ್ರ್ರ್ರ್ರ್…

ಅದು ಶುರುವಾದದ್ದೇ ತಡ, ಕಂಬಗಳ ನಡುವೆ ಕಿರ್ರೋ… ಕಿರ್ರೋ… ಹೇಮಕ್ಕನಿಂದ ನಾಲ್ಕು ಮಾರು ಆಚೆ ಒಬ್ಬ ಹೆಂಗಸಿನ ಬೆನ್ನು. ಜಡೆ. ಒದ್ದೆ ಸೀರೆಯಿಂದ ಕಲ್ಲಿನ ಮೇಲೆ ಹನಿ ಬೀಳ್ತಾ ಇದೆ, ತಪ್… ತಪ್… ಬಳೆ ಗಿಲಕ್ ಅಂತು. ಕೊಡ ಮೇಲೆ ಬಂತು. ಠಣ್.

ಟಿರ್ರ್ ನಿಂತಿತು. ಹೆಂಗಸು ಇಲ್ಲ.

"ಇನ್ನೊಂದ್ಸಲ…" ಮರದ ಹಿಂದಿನ ಪಿಸುದನಿ.

ಕಟಕಟ… ಕಟಕಟ… ಟಿರ್ರ್ರ್ರ್… ಮತ್ತೆ ಆ ಬೆನ್ನು. ಈ ಸಲ ಅವಳ ದನಿಯೂ ಕೇಳಿಸಿತು. ಚಳಿಗೆ ಹಲ್ಲು ಕಟಕಟಿಸೋ ದನಿ.

"ಮಗು ಎದ್ದಿರ್ತೈತೆ ಕಣ್ರೀ… ಹೋಗ್ಲಾ?"

"ಬೆಳಕು ಬತ್ತಾ ಐತೆ ಅಂಬಾ… ಇನ್ನೊಂದ್ಸಲ."

ನಿಂತಿತು. ಇಲ್ಲ. ಮತ್ತೆ ಕೀಲಿ. ಮತ್ತೆ ಅದೇ ಬೆನ್ನು, ಅದೇ ಮಾತು. ಮಗು ಎದ್ದಿರ್ತೈತೆ ಕಣ್ರೀ, ಹೋಗ್ಲಾ… ಐವತ್ತು ವರ್ಷದಿಂದ ಹೀಗೇ ಕೇಳ್ತಾ ಇದ್ದಾಳೇನೋ ಅನ್ನಿಸಿತು ಹೇಮಕ್ಕನಿಗೆ. ಎದ್ದಳು. ಆ ಬೆನ್ನಿನ ಹಿಂದೆ ಹೋಗಿ ನಿಂತಳು. ಒದ್ದೆ ಬಟ್ಟೆಯ ವಾಸನೆ, ಹರಳೆಣ್ಣೆ ವಾಸನೆ. ಬಾಯಿಂದ ಮಾತು ಹೊರಟಿತು…

"ಎದ್ದಿದೀನಿ ಅಮ್ಮಾ…"

ಹೆಂಗಸು ನಿಂತಳು. ಕತ್ತು ಹೊರಳಿತು. ಕಿವಿ… ಓಲೆ… ಕೆನ್ನೆ…

ತಿರುಗಿದಳು.

ಇದನ್ನ ನನಗೆ ಹೇಳುವಾಗೆಲ್ಲ ಹೇಮಕ್ಕ ಅಂತಾಳೆ, "ಹುಡುಗಿ ಕಣೇ… ಒಂದು ಸಣ್ಣ ಹುಡುಗಿ."

ಇಪ್ಪತ್ತರ ಆಚೀಚೆ. ಹೇಮಕ್ಕನಿಗೊಬ್ಬ ಮಗಳಿದ್ದಿದ್ರೂ ಇವಳಿಗಿಂತ ದೊಡ್ಡವಳಿರ್ತಿದ್ದಳು. ತುಟಿ ನೀಲಿಗಟ್ಟಿತ್ತು. ಆ ಹುಡುಗಿ ನೆರೆತ ತಲೆಯ ಈ ಹೆಂಗಸನ್ನ ಮೇಲಿಂದ ಕೆಳಗೆ ನೋಡಿದಳು. ಗುರುತು ಹತ್ತಲಿಲ್ಲ.

"ಯಾರಮ್ಮಾ ನೀವು? ಈ ಚಳೀಲಿ ಬಂದೀರಾ… ನಮ್ಮನೆ ಕಡೆಯಿಂದ ಬಂದ್ರಾ? ಕೂಸು ಅಳ್ತಾ ಐತಾ?"

ನಾನೇ ಆ ಕೂಸು ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟು ವರ್ಷ ಕಾದದ್ದು ಅದನ್ನ ಹೇಳೋಕೇ. ಆದರೆ ಆ ಮುಖ ನೋಡಿದಳು. ಹೇಳಿದರೆ 'ನಿಮಗೆ ಯಾಕಿಷ್ಟು ವಯಸ್ಸಾಯ್ತು' ಅಂತ ಕೇಳ್ತಾಳೆ. 'ನಾನೆಲ್ಲಿ ಹೋಗಿದ್ದೆ' ಅಂತ ಕೇಳ್ತಾಳೆ. ಆ ಹುಡುಗಿಗೆ ಅದನ್ನ ಹೇಳೋದು ಹೇಗೆ?

"ಇಲ್ಲ ಕಣವ್ವ" ಅಂದಳು ಹೇಮಕ್ಕ. "ನಾನು ಇಲ್ಲೇ ಬೀದಿಯೋಳು. ಕೂಸು ಚೆನ್ನಾಗೈತೆ. ಅಳ್ಲಿಲ್ಲ. ಮಲಗೈತೆ."

ಹುಡುಗಿ ನಿಟ್ಟುಸಿರು ಬಿಟ್ಟು ನಕ್ಕಳು. ಕೊಡ ಸೊಂಟದಲ್ಲಿ ಅಲುಗಿತು. ಹೇಮಕ್ಕ ಕೈ ಚಾಚಿ, ಹಿಂಗೈಯನ್ನ ಅವಳ ಕತ್ತಿಗೆ ಇಟ್ಟಳು. ಮಕ್ಕಳಿಗೆ ಜ್ವರ ನೋಡ್ತೀವಲ್ಲ, ಹಾಗೆ. ಚುರುಕ್ ಅಂತು. ಕಾದ ಹೆಂಚು.

"ಜ್ವರ ಐತಲ್ಲವ್ವ ನಿಂಗೆ!"

"ಶ್…" ಹುಡುಗಿ ಮರದ ಕಡೆ ಕಣ್ಣು ಹಾಯಿಸಿ, ದನಿ ಇಳಿಸಿದಳು. "ಅವ್ರಿಗೆ ಹೇಳ್ಬೇಡಿ. ನಿಲ್ಸಿಬಿಡ್ತಾರೆ… ಇವತ್ತು ಬೆಳಕು ಚೆನ್ನಾಗೈತಂತೆ."

ಟಿರ್ರ್ರ್ರ್… ಕ್ಯಾಮರಾ ಇನ್ನೂ ಓಡ್ತಾ ಇತ್ತು. ಇನ್ನೇನು ನಿಲ್ಲುತ್ತೆ, ನಿಂತರೆ ಇವಳಿರಲ್ಲ. ಆಗ ಹೇಮಕ್ಕನಿಗೆ ಏನಾಯ್ತೋ. ಆ ಕತ್ತಲಿಗೆ ಮುಖ ಮಾಡಿ ಕೂಗಿದಳು. ಮದುವೆ ದಿನದಿಂದ ಆಡದ ಮಾತನ್ನ ಕೂಗಿದಳು.

"ಅಪ್ಪಾ! ಇವ್ಳಿಗೆ ಜ್ವರ ಐತೆ. ಮೈ ಸುಡ್ತಾ ಐತೆ. ನಿಂಗೆ ಹೇಳಿಲ್ಲ ಇವ್ಳು. ಸಾಕು… ನಿಲ್ಸಪ್ಪಾ!"

ಟಕ್.

ಕೀಲಿ ಮುಗಿದು ನಿಂತದ್ದಲ್ಲ. ಬೆರಳಿಟ್ಟು ನಿಲ್ಲಿಸಿದ್ದು. ಆ ವ್ಯತ್ಯಾಸ ಅವಳಿಗೆ ಗೊತ್ತು.

ಹುಡುಗಿ ಮಾಯವಾಗಲಿಲ್ಲ. ಅಲ್ಲೇ ನಿಂತಿದ್ದಳು.

ಮರದ ಹಿಂದಿನಿಂದ ಒಂದು ಬಿಕ್ಕು. ಬಾಯಿಗೆ ಬಟ್ಟೆ ತುರುಕಿಕೊಂಡು ಅಳ್ತಾರಲ್ಲ, ಅಂಥದ್ದು.

"ಮೊದ್ಲೇ ಹೇಳ್ಬಾರ್ದಾ ಅಂಬಾ…"

"ನಿಮ್ ಬೆಳಕು ಹೋಗ್ತಿತ್ತು."

"ಹೋಗ್ಲಿ ಬಿಡು… ಕೊಡ ಇಲ್ಲಿ ಕೊಡು. ಮನೆಗ್ ನಡಿ."

ಹೇಮಕ್ಕ ಕಣ್ಣು ಮುಚ್ಚಿಕೊಂಡಳು. ಒದ್ದೆ ಹೆಜ್ಜೆ ಪಕ್ಕದಲ್ಲೇ ಹಾದು ಹೋಯ್ತು, ಪಚ್… ಪಚ್… ಅದರ ಹಿಂದೆ ಹಳೇ ಚಪ್ಪಲಿ, ಟಪ್… ಟಪ್… ಕೊಡದೊಳಗೆ ನೀರು ಲಳಕ್ ಅಂದದ್ದು ಕೂಡ ಕೇಳಿಸಿತಂತೆ. ದೂರವಾಯ್ತು. ನಿಂತುಹೋಯ್ತು.

ಕಣ್ಣು ಬಿಟ್ಟಾಗ ನೀಲಿ ಬೆಳಕು. ಜಾಲರಿ, ಬೀಗ, ಕಂಬ. ಅಲ್ಲೇ ಕೂತು ಅತ್ತಳು. ಹೆದರಿ ಅತ್ತದ್ದಲ್ಲ.

ಅವತ್ತಿಂದ ಆ ಬಾವಿ ಹತ್ತಿರ ಯಾರಿಗೂ ಏನೂ ಕೇಳಿಸಿಲ್ಲ. ಹೇಮಕ್ಕ ಬೇಕು ಅಂತಲೇ ಎಷ್ಟೋ ದಿನ ಕತ್ತಲಲ್ಲಿ ಹೋಗಿ ಕೂತು ಬಂದಳು. ಒಂದು ಹುಳದ ಸದ್ದೂ ಇಲ್ಲ. "ಇನ್ನೊಂದ್ಸಲ ನೋಡ್ಬೇಕು ಅನ್ಸಿತ್ತು" ಅಂದಳು. ಅಂದವಳೇ ಬಾಯಿ ಮುಚ್ಚಿಕೊಂಡಳು, ಆ ಮಾತು ತನ್ನ ಬಾಯಲ್ಲೂ ಬಂತಲ್ಲ ಅಂತ.

ಅಮ್ಮನ ಮುಖ ಕಂಡ ದಿನ ಮಧ್ಯಾಹ್ನವೇ ಉಚ್ಚಂಗಮ್ಮನ ಹತ್ತಿರ ಹೋಗಿ ಕೇಳಿದ್ದಳು, "ಅಜ್ಜಿ, ನಮ್ಮಮ್ಮ ನಕ್ರೆ ಮೇಲಿನ ಒಂದು ಹಲ್ಲು ಪಕ್ಕದ್ದರ ಮೇಲೆ ಹತ್ತಿಕೊಂಡಿರೋದು ಕಾಣ್ತಿತ್ತಾ?"

ಎಲೆ ಅಡಿಕೆ ಕುಟ್ತಾ ಇದ್ದ ಮುದುಕಿಯ ಕೈ ನಿಂತಿತು.

"ನಿಂಗ್ಯಾರೇ ಹೇಳಿದ್ರು? ಅಯ್ಯೋ… ಹೌದು ಕಣೇ! ಎಡಗಡೆ. ನಾಚ್ಕೊಂಡು ಸೆರಗು ಅಡ್ಡ ಹಿಡ್ದು ನಗೋಳು… ಈಗ ಬಂತು ನೋಡು, ಈಗ ಬಂತು ಕಣ್ಮುಂದೆ…" ಇಬ್ಬರೂ ಕೈ ಹಿಡಿದುಕೊಂಡು ಕೂತರು.

ಮೇಧಾ ಆ ಫಿಲ್ಮನ್ನ ಬೆಂಗಳೂರಲ್ಲಿ ತೋರಿಸಿದಳು, ಹೇಮಕ್ಕನನ್ನೂ ಕರೆದಿದ್ದಳು. ಹೇಮಕ್ಕ ಹೋಗಲಿಲ್ಲ. ಫೋನಲ್ಲಿ ಕೇಳಿದ್ದು ಒಂದೇ, "ಜನ ನಕ್ರೇನಮ್ಮಾ?" ಇಲ್ಲ ಆಂಟಿ, ಯಾರೂ ನಗಲಿಲ್ಲ ಅಂದಳಂತೆ ಹುಡುಗಿ. "ಆಗ್ಲಿ" ಅಂತ ಫೋನ್ ಇಟ್ಟಳು.

ಕನಸು ಬಿದ್ದಿರುತ್ತೆ, ದುಃಖಕ್ಕೆ ಹಾಗೆ ಕಂಡಿರುತ್ತೆ ಅಂತ ನೀವಂತೀರಿ. ರವಿಕುಮಾರನೂ ಮೊದಲು ಹಾಗೇ ಅಂದಿದ್ದು. ಆದರೆ ಹೇಮಕ್ಕ ದಿನಾ ರಕ್ತ ನೋಡಿ, ಇದ್ದದ್ದನ್ನ ಇದ್ದ ಹಾಗೆ ಬರೆದು ಕೊಡೋಳು. ಇಲ್ಲದ್ದು ಹೇಳೋ ಹೆಂಗಸಲ್ಲ. ಮತ್ತೆ ಇದೊಂದು, ಇದು ಅವಳ ಮಾತಲ್ಲ, ನಾನು ಕಂಡದ್ದು…

ಅವತ್ತು ಬೆಳಗ್ಗೆ ಹೇಮಕ್ಕ ಬಾವಿಯಿಂದ ವಾಪಸ್ ಬಂದಾಗ ರವಿಕುಮಾರ ಬಾಗಿಲಲ್ಲಿ ನಿಂತು ರೇಗ್ತಾ ಇದ್ದ. "ಅಂಗಳಕ್ಕೆ ನೀರು ಹಾಕ್ಬಿಟ್ಟು ಎಲ್ಲಿಗೇ ಹೋಗಿದ್ದೆ?" ಅವಳು ಹಾಕಿರಲಿಲ್ಲ. ಆ ವಾರ ಬೀದಿಗೆ ನಲ್ಲಿ ನೀರೇ ಬಂದಿರಲಿಲ್ಲ, ಕುಡಿಯೋಕೆ ಕ್ಯಾನ್ ತರಿಸ್ತಿದ್ವಿ. ಆ ಗಲಾಟೆ ಕೇಳಿಯೇ ನಾನು ಹೊರಗೆ ಬಂದದ್ದು. ಹೇಮಕ್ಕನ ಅಂಗಳ ಹೊಸ್ತಿಲ ತನಕ ಒದ್ದೆ. ಪಕ್ಕದಲ್ಲಿ ಉಚ್ಚಂಗಮ್ಮನ ಅಂಗಳವೂ ಒದ್ದೆ, ಅವಳಿನ್ನೂ ಬಾಗಿಲೇ ತೆಗೆದಿರಲಿಲ್ಲ. ಬೀದಿಯ ಬೇರೆ ಮನೆಗಳದ್ದೆಲ್ಲ ಒಣಗಿ ಧೂಳೆದ್ದಿತ್ತು. ನಾನೇ ಬರಿಗಾಲಲ್ಲಿ ಹೋಗಿ ಮೆಟ್ಟಿ ನೋಡಿದೀನಿ ಕಣ್ರೀ. ತಣ್ಣಗಿತ್ತು.